ಮಾದರಿ ಸಾಲು
ವೆಬ್‌ಸೈಟ್ ಕಟ್ಟುವ ಆ ಕಚೇರಿಯಲ್ಲಿ ಯಾರ ಕೋಡ್ ಕೈಕೊಟ್ಟರೂ ಕುರ್ಚಿ ಉರುಳುವುದು ಕಿಟಕಿ ಪಕ್ಕದ ತುಣುಕಣ್ಣನ ಮೇಜಿನತ್ತಲೇ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಗಷ್ಟೇ ಗೊತ್ತು. ಬಟನ್ ನಡುವಿಗೆ ಬರುತ್ತಿಲ್ಲವೇ, ಮೊಬೈಲಿನಲ್ಲಿ ಪುಟ ಸೊಟ್ಟಗಾಯಿತೇ, ಅವನ ಬಳಿ ನಾಲ್ಕು ಸಾಲಿನ ಕೋಡ್ ತುಣುಕೊಂದು ಸಿದ್ಧವಾಗಿರುತ್ತದೆ. "ತಗೋ, ಪೇಸ್ಟ್ ಮಾಡ್ಕೋ. ಆದ್ರೆ ಓದ್ಕೊಂಡು ಮಾಡು" ಎನ್ನುತ್ತಾನೆ, ಹಮ್ಮುಬಿಮ್ಮು ಒಂದಿಷ್ಟೂ ಇಲ್ಲ. ಹಠಮಾರಿ ಬ್ರೌಸರುಗಳೂ ಇವನನ್ನು ಕಂಡರೆ ಎದ್ದು ನಿಲ್ಲುತ್ತವೆ ಎಂದು ಕಚೇರಿಯೇ ನಂಬಿದೆ. "ತಪ್ಪು ಸರಿಹೋಗೋ ತನಕ ನನಗೆ ತುತ್ತು ಇಳಿಯಲ್ಲ" ಎನ್ನುವ ಅವನ ಊಟದ ಡಬ್ಬಿ ಎಷ್ಟೋ ದಿನ ಬಂದ ಹಾಗೇ ಮನೆಗೆ ಮರಳುತ್ತದೆ. ಗಿರಾಕಿಗಳು ಬರೆಯಬೇಕಾದ ಖಾಲಿ ಚೌಕದಲ್ಲಿ ಬೇರೆಯವರು ಮಾದರಿಗೆಂದು ಅರ್ಥವಿಲ್ಲದ ಅಕ್ಷರ ತುಂಬಿದರೆ, ಅವನ ತುಣುಕುಗಳಲ್ಲಿ ಇರುವುದು "ಊಟ ಆಯ್ತಾ?" ಎಂದೇ, ಹೋದ ವರ್ಷ ತೀರಿಕೊಳ್ಳುವವರೆಗೂ ತಾಯಿ ದಿನಾ ಮಧ್ಯಾಹ್ನ ಫೋನಿನಲ್ಲಿ ಕೇಳುತ್ತಿದ್ದದ್ದು ಇದನ್ನೇ. ಮೊನ್ನೆ ಹೊಸಬಳೊಬ್ಬಳು ಅವನ ತುಣುಕನ್ನು ಓದದೇ ಪೇಸ್ಟ್ ಮಾಡಿದ್ದರಿಂದ, ಬಟ್ಟೆ ಅಂಗಡಿಯ ವೆಬ್‌ಸೈಟಿನಲ್ಲಿ ದೂರು ಬರೆಯುವ ಚೌಕದೊಳಗೆ ಆ ಸಾಲು ಊರಿಗೆಲ್ಲ ಕಾಣಿಸಿಕೊಂಡಿತು. "ಸಾರಿ ಅಣ್ಣಾ, ಆಗ್ಲೇ ಒಂದು ದೂರು ಬೇರೆ ಬಂದ್ಬಿಟ್ಟಿದೆ" ಎಂದು ಅವಳು ಹೆದರುತ್ತಲೇ ತೋರಿಸಿದಳು. ಯಾರೋ ಗಿರಾಕಿ ಬರೆದಿದ್ದರು: "ಅಂಗಿ ಬಣ್ಣ ಬಿಡ್ತಿದೆ. ನಂದು ಊಟ ಆಯ್ತು, ನಿಮ್ದು?" ತುಣುಕಣ್ಣ ಅದನ್ನು ಇನ್ನೊಮ್ಮೆ ಓದಿದ. "ಇನ್ನೂ ಇಲ್ಲ" ಎಂದು ಪರದೆಗೇ ಉತ್ತರ ಕೊಟ್ಟು, ತಪ್ಪನ್ನು ಅಲ್ಲೇ ಬಿಟ್ಟು, ಡಬ್ಬಿ ಹಿಡಿದು ಎದ್ದ.