ಗಂಗಕ್ಕನ ಫೇಡರ್ ಇಳಿಸಿದವಳು

ಮೂರು ವರ್ಷದ ಹಿಂದೆ ಕುಣಿಗಲ್ಲಿನ ಒಂದು ಹೆಣ್ಣುಮಕ್ಕಳ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನನ್ನ ಓರಗಿತ್ತಿ ಗಂಗಕ್ಕ ನಲವತ್ತು ನಿಮಿಷ ಡ್ರಮ್ ಪ್ಯಾಡ್ ಬಾರಿಸಿದಳು. ಅದರಲ್ಲಿ ಒಂದೇ ಒಂದು ಏಟೂ ಜನರ ಕಿವಿಗೆ ಬೀಳಲಿಲ್ಲ. ಬೀಳದ ಹಾಗೆ ಮಾಡಿದವಳು ನಾನು — ಕೈ ತಪ್ಪಿ ಅಲ್ಲ, ಮರೆತೂ ಅಲ್ಲ, ಬೇಕೆಂದೇ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನಡುವೆ ಎಲ್ಲಾದರೂ ಒಂದು ನೆಪ ಹುಡುಕಿಕೊಂಡು ಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಮ್ಮ ಮನೆ ಗುಬ್ಬಿಯಲ್ಲಿ. ನನ್ನ ಗಂಡನದು ಶಾಮಿಯಾನ, ಮೈಕ್‌ಸೆಟ್ಟಿನ ಅಂಗಡಿ. ಭಾವನವರದು, ಅಂದರೆ ಗಂಗಕ್ಕನ ಗಂಡನದು, ಕೊಬ್ಬರಿ ವ್ಯಾಪಾರ. ಅಡುಗೆಮನೆ ಒಂದೇ. ಮದುವೆಯಾಗಿ ಬಂದಾಗಿನಿಂದ ಅಂಗಡಿಯಲ್ಲಿ ಕೂತು ವೈರು ಸುತ್ತಿ ಸುತ್ತಿ, ಯಾವ ಪಿನ್ನು ಯಾವ ತೂತಿಗೆ ಹೋಗಬೇಕೆಂದು ನನ್ನ ಗಂಡನಿಗಿಂತ ನನಗೇ ಚೆನ್ನಾಗಿ ಗೊತ್ತಾಗಿಬಿಟ್ಟಿತ್ತು. ಅವರು ಒಂದು ಡಿಜೆ ಮಿಕ್ಸರ್ ತಂದು, ಹದಿನೈದು ದಿನ ಅದರ ಮುಂದೆ ಬೆವರು ಸುರಿಸಿ, "ಇದು ನಂಗೆ ಬಗ್ಗಲ್ಲ ಬುಡು" ಎಂದು ಮೂಲೆಗಿಟ್ಟರು. ನಾನು ಎತ್ತಿಕೊಂಡೆ. ಸೀಮಂತ, ಅರಿಶಿನ ಶಾಸ್ತ್ರ, ಮಹಿಳಾ ಸಂಘದ ಸಮಾರಂಭ — ಹೆಣ್ಣುಮಕ್ಕಳೇ ಬಂದು ಹಾಡು ಹಾಕಿದರೆ ನಾವೂ ಧೈರ್ಯವಾಗಿ ಕುಣಿಯಬಹುದು ಎನ್ನುವವರು ನಮ್ಮ ಕಡೆ ಇಷ್ಟು ಜನ ಇದ್ದಾರೆಂದು ಯಾರಿಗೆ ಗೊತ್ತಿತ್ತು? ಎಷ್ಟೋ ಕಡೆ ಅಜ್ಜಿಯರೇ ಮೊದಲು ಸೆರಗು ಸಿಕ್ಕಿಸಿಕೊಂಡು ಎದ್ದು ಬರುತ್ತಿದ್ದರು.

ಗಂಗಕ್ಕ ಜೊತೆಗೆ ಸೇರಿಕೊಂಡದ್ದು ತಮಾಷೆಗೆ. ಹೈಸ್ಕೂಲಿನಲ್ಲಿ ಪೆರೇಡಿಗೆ ಡ್ರಮ್ ಬಾರಿಸಿದವಳು ಅವಳು. ನಲವತ್ತಾರು ವಯಸ್ಸಾದರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಅಕ್ಕಿ ಡಬ್ಬ, ಬಸ್ಸಿನ ಸೀಟು, ಮೊರದ ಹಿಂಬದಿ — ಸಿಕ್ಕಿದ್ದೆಲ್ಲ ಅವಳಿಗೆ ವಾದ್ಯ. ಒಮ್ಮೆ ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವಳು ಯಾವಾಗ ತಾಳಕ್ಕೆ ಇಳಿದಳೋ, ಅತ್ತೆ ಮಲಗಿದ್ದ ಕಡೆಯಿಂದಲೇ ಗೊಣಗಿದರು: "ಬೆನ್ನು ಉಜ್ಜೇ ಅಂದ್ರೆ ಬಾರಿಸ್ತಾ ಕೂತವ್ಳಲ್ಲಾ ಇವ್ಳು." ಅವಳಿಗೆಂದು ಒಂದು ಹಳೆಯ ಎಲೆಕ್ಟ್ರಾನಿಕ್ ಪ್ಯಾಡ್ ಹುಡುಕಿ ತಂದೆವು. ಕಡ್ಡಿಯಲ್ಲಿ ಹೊಡೆದರೆ ಒಂದು ಚೌಕದಲ್ಲಿ ತಮಟೆ, ಇನ್ನೊಂದರಲ್ಲಿ ಚಪ್ಪಾಳೆ, ಮತ್ತೊಂದರಲ್ಲಿ ಎದೆ ನಡುಗಿಸುವ ದಪ್ಪ ಸದ್ದು. ನನ್ನ ಮಿಕ್ಸರಿನ ಮೊದಲ ಎರಡು ಚಾನೆಲ್‌ಗಳಲ್ಲಿ ಹಾಡು ಮತ್ತು ನಾನು ಕೂಡಿಸಿಟ್ಟ ಬೀಟು, ಮೂರನೆಯದು ಗಂಗಕ್ಕನದು. ನಾನು ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರುವಾಗ ಅವಳು ಅದರ ಮೇಲೆ ಹೊಡೆಯುತ್ತಿದ್ದಳು. ನಿಜ ಹೇಳುತ್ತೇನೆ, ಆ ಒಂದು ವರ್ಷ ನಾವಿಬ್ಬರೂ ನಕ್ಕಷ್ಟು ಗುಬ್ಬಿಯಲ್ಲಿ ಯಾವ ಓರಗಿತ್ತಿಯರೂ ನಕ್ಕಿರಲಿಕ್ಕಿಲ್ಲ.

ಕೆಟ್ಟದ್ದು ಗೂಳೂರಿನ ಒಂದು ಸೀಮಂತದಲ್ಲಿ. ಊಟ ಮುಗಿದ ಮೇಲೆ ಒಬ್ಬ ಹೆಂಗಸು ನೇರ ನನ್ನ ಹತ್ತಿರ ಬಂದು, "ಪಕ್ಕದಲ್ಲಿ ಬಾರಿಸ್ತಿದ್ರಲ್ಲ, ಅವ್ರ್ ನಂಬರ್ ಕೊಡಮ್ಮ. ನಮ್ಮನೇಲೂ ಫಂಕ್ಷನ್ ಐತೆ, ಅವ್ರನ್ನೇ ಕರೀಬೇಕು" ಎಂದರು. ನಾನು ನಗುನಗುತ್ತಲೇ ನನ್ನ ನಂಬರು ಕೊಟ್ಟೆ. ಮಿಕ್ಸರ್ ನನ್ನದು, ಹಾಡು ಆರಿಸಿದ್ದು ನಾನು, ವಾರಗಟ್ಟಲೆ ಕೂತು ಜೋಡಿಸಿದ್ದು ನಾನು — ಅವಳು ಬಂದು ಕಡ್ಡಿ ಆಡಿಸಿದರೆ ಅವಳನ್ನೇ ಕರೆಯಬೇಕೋ? ಗುಬ್ಬಿ ಬರುವವರೆಗೂ ಇದೇ ಕುದಿಯುತ್ತಿತ್ತು. ಗಂಗಕ್ಕ ಪಕ್ಕದಲ್ಲಿ ಕೂತು, ಅಲ್ಲಿ ತಿಂದ ಒಬ್ಬಟ್ಟಿನ ಹೂರಣ ಎಷ್ಟು ನುಣ್ಣಗಿತ್ತು ಎಂದು ಹೇಳುತ್ತಲೇ ಇದ್ದಳು.

ಅದಾದ ಎರಡು ವಾರಕ್ಕೆ ಕುಣಿಗಲ್ಲಿನ ಕಾರ್ಯಕ್ರಮ. ತುಮಕೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿರುವ ಒಬ್ಬರು ಅತಿಥಿಯಾಗಿ ಬರುತ್ತಾರೆಂದು, ಇಷ್ಟವಾದವರಿಂದ ಸ್ಟುಡಿಯೋಗೆ ಕೆಲಸ ಮಾಡಿಸುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು. ಗಂಗಕ್ಕನಿಗೆ ಹೇಳಿರಲಿಲ್ಲ.

ಮಾಡಿದ್ದು ಹೇಗೆಂದು ಹೇಳಲೇಬೇಕು. ದೊಡ್ಡ ಸ್ಪೀಕರುಗಳು ಜನರ ಕಡೆ ಮುಖ ಮಾಡಿರುತ್ತವೆ. ವೇದಿಕೆಯ ಮೇಲಿರುವ ನಮಗೆ ಅದರ ಸದ್ದು ತಡವಾಗಿ, ಕಲಸಿಕೊಂಡು ಬರುತ್ತದೆ. ಅದಕ್ಕೇ ಇಬ್ಬರೂ ಮಿಕ್ಸರಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆವು. ಪ್ರತಿ ಚಾನೆಲ್ಲಿಗೂ ಒಂದು ಫೇಡರ್ ಇರುತ್ತದೆ — ಬೆರಳಲ್ಲಿ ಮೇಲೆ ಕೆಳಗೆ ಜಾರಿಸುವ ಪುಟ್ಟ ಹಿಡಿ. ಅದನ್ನು ಪೂರ್ತಿ ಕೆಳಗಿಳಿಸಿದರೆ ಆ ಚಾನೆಲ್ ಜನರಿಗೆ ಕೇಳಿಸುವುದಿಲ್ಲ. ಆದರೆ ಪಕ್ಕದ ಒಂದು ಬಟನ್ ಒತ್ತಿಟ್ಟಿದ್ದರೆ ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸುತ್ತಲೇ ಇರುತ್ತದೆ. ಮುಂದಿನ ಹಾಡನ್ನು ಜನರಿಗೆ ಗೊತ್ತಾಗದಂತೆ ಮೊದಲೇ ಕೇಳಿ ಹೊಂದಿಸಿಕೊಳ್ಳಲಿ ಎಂದು ಕೊಟ್ಟಿರುವ ಅನುಕೂಲ ಅದು. ನಾನು ಅದನ್ನು ಗಂಗಕ್ಕನ ಮೇಲೆ ಬಳಸಿದೆ. ಮೊದಲ ಹಾಡು ಶುರುವಾಗುವ ಮುಂಚೆಯೇ ಮೂರನೇ ಫೇಡರನ್ನು ತಳಕ್ಕಿಳಿಸಿದೆ. ಅವಳಿಗೆ ಅವಳ ಏಟು ಚೆನ್ನಾಗಿಯೇ ಕೇಳಿಸುತ್ತಿತ್ತು. ಎದುರಿಗೆ ಅಮೃತೂರು, ಯಡಿಯೂರು ಕಡೆಯ ಹುಡುಗಿಯರು ಕುಣಿಯುತ್ತಿದ್ದರು, ಇವಳು ಮೈಮರೆತು ಬಾರಿಸುತ್ತಿದ್ದಳು, ನಡುನಡುವೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದಳು — ಹೆಂಗೈತೆ ಎಂದು. ನಾನೂ ಹುಬ್ಬು ಹಾರಿಸಿದೆ. ಆ ಹುಬ್ಬು ಹಾರಿಸಿದ್ದು ನೆನಪಾದರೆ ಈಗಲೂ ಮುಖ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಸ್ಟುಡಿಯೋದವರು ನನ್ನನ್ನು ತುಮಕೂರಿಗೆ ಕರೆದರು. ಒಬ್ಬಳೇ ಹೋದೆ. ನಾನು ಜೋಡಿಸಿದ್ದನ್ನೆಲ್ಲ ಕೇಳಿ ಅವರು, "ಎಲ್ಲಾ ಸರಿ ಇದೆ ಮೇಡಂ. ಬೀಟ್ ಮಾತ್ರ ತೀರಾ ಮೆಷಿನ್ ಥರ ಇದೆ. ಕೈಲಿ ಬಾರಿಸೋರು ಒಬ್ರು ಬೇಕು" ಎಂದರು. ಆಮೇಲೆ ನೆನಪಿಸಿಕೊಂಡು ಕೇಳಿದರು: "ಅವತ್ತು ನಿಮ್ ಪಕ್ಕ ಕಡ್ಡಿ ಹಿಡ್ಕೊಂಡು ಒಬ್ರು ನಿಂತಿದ್ರಲ್ಲ, ಅವ್ರು ನಿಜವಾಗ್ಲೂ ಬಾರಿಸ್ತಾರಾ?"

ದೇವರು ಇನ್ನೊಂದು ಅವಕಾಶ ತಟ್ಟೆಯಲ್ಲಿಟ್ಟು ಕೊಟ್ಟಿದ್ದ. ನಾನು ಹೇಳಿದೆ: "ಇಲ್ಲ ಸರ್. ಅವ್ರು ಸುಮ್ನೆ ಶೋಗೆ ನಿಂತಿದ್ರು."

ಕಾಲೇಜಿನವರು ಫೋನಿಗೆ ಕಳಿಸಿದ ಕುಣಿಗಲ್ಲಿನ ರೆಕಾರ್ಡಿಂಗನ್ನು ಮನೆಯವರೆಲ್ಲ ಕೇಳಿದ ದಿನ ಗಂಗಕ್ಕ ಫೋನನ್ನು ಕಿವಿಗೊತ್ತಿಕೊಂಡು, ತಿರುಗಿಸಿ ಮುರುಗಿಸಿ, "ನನ್ ಕೈ ಎಲ್ಲೇ ಇದ್ರಲ್ಲಿ?" ಎಂದಳು. ಆಗಲಾದರೂ... ಇಲ್ಲ. "ನೀನು ತಾಳ ಬಿಡ್ತಿದ್ದೆ ಅಕ್ಕ. ನಾಲ್ಕ್ ಜನ್ರ ಮುಂದೆ ಮರ್ಯಾದೆ ಹೋಗ್ಬಾರ್ದು ಅಂತ ನಾನೇ ಇಳಿಸ್ಬಿಟ್ಟೆ" ಎಂದೆ. ಇಳಿಸಿದೆ ಎನ್ನುವುದಷ್ಟೇ ಅದರಲ್ಲಿ ನಿಜ. ಅವಳು ಜಗಳ ಆಡಿದ್ದರೆ ನಾನು ಇನ್ನೂ ಎರಡು ಮಾತಾಡಿ ಗೆಲ್ಲುತ್ತಿದ್ದೆ. ಅವಳು ಆಡಲಿಲ್ಲ. "ಹಂಗಾ? ಒಳ್ಳೇದೇ ಮಾಡಿದ್ಯಾ ಬುಡು. ನನ್ನಿಂದ ನಿಂಗ್ಯಾಕೆ ಕೆಟ್ಟೆಸ್ರು" ಎಂದು, ಪ್ಯಾಡನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಅಕ್ಕಿ ಡಬ್ಬವನ್ನೂ ತಟ್ಟುವುದು ಬಿಟ್ಟಳು. ಒಂದು ತಿಂಗಳಾದ ಮೇಲೆ ಅತ್ತೆ, "ಯಾಕೋ ಮನೆ ಬಿಕೋ ಅಂತೈತೆ" ಎಂದರು. ಯಾಕೆಂದು ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷ ಅವಳ ಎದುರಿಗೇ ಕೂತು ಉಂಡೆ.

ಹೋದ ತಿಂಗಳು ಲ್ಯಾಪ್‌ಟಾಪ್ ತುಂಬಿಹೋಗಿ, ಬೇಡದ್ದನ್ನೆಲ್ಲ ಅಳಿಸುತ್ತ ಕೂತಿದ್ದೆ. ಕುಣಿಗಲ್ ಎಂದು ಹೆಸರಿಟ್ಟ ಫೋಲ್ಡರ್ ಸಿಕ್ಕಿತು. ನಮ್ಮ ಮಿಕ್ಸರಿನ ಇನ್ನೊಂದು ಗುಣ ಅದು — ಕೇಬಲ್ ಸಿಕ್ಕಿಸಿದ್ದರೆ ಪ್ರತಿ ಚಾನೆಲ್ಲನ್ನೂ ಬೇರೆ ಬೇರೆಯಾಗಿ ಲ್ಯಾಪ್‌ಟಾಪಿಗೆ ಕಳಿಸುತ್ತದೆ, ಫೇಡರ್ ಇಳಿಸಿದ್ದರೂ ಅದಕ್ಕೆ ಲೆಕ್ಕವಿಲ್ಲ. ನಾನು ಮುಚ್ಚಿಟ್ಟದ್ದನ್ನು ಆ ಯಂತ್ರ ಮೂರು ವರ್ಷ ಜೋಪಾನ ಮಾಡಿಟ್ಟಿತ್ತು. ಮೂರನೆಯದನ್ನು ಹಾಡಿನ ಜೊತೆ ಕೂಡಿಸಿ ಕೇಳಿದೆ.

ಅವಳು ಎಲ್ಲೂ ತಾಳ ಬಿಟ್ಟಿರಲಿಲ್ಲ. ಬಿಟ್ಟವಳು ನಾನು. ಎರಡನೇ ಹಾಡಿನಿಂದ ಮೂರನೆಯದಕ್ಕೆ ಹೋಗುವಾಗ ಹೊಸ ಹಾಡನ್ನು ಅರ್ಧ ಏಟು ತಡವಾಗಿ ತಂದಿದ್ದೇನೆ. ಅಲ್ಲಿ ಗಂಗಕ್ಕ ಒಂದು ಕ್ಷಣ ಕೈ ನಿಲ್ಲಿಸಿದ್ದಾಳೆ. ಆಮೇಲೆ ಒಂದೊಂದೇ ಏಟು ಹಾಕುತ್ತ, ಹಳೇ ಹಾಡನ್ನೂ ಹೊಸದನ್ನೂ ಹೊಂದಿಸುತ್ತ, ಎಡವಿದವಳನ್ನು ರಟ್ಟೆ ಹಿಡಿದು ಎತ್ತುವ ಹಾಗೆ ನನ್ನನ್ನು ದಾರಿಗೆ ತಂದಿದ್ದಾಳೆ. ನನ್ನ ತಪ್ಪನ್ನು ಮುಚ್ಚಲು ಅವಳು ಪಟ್ಟ ಪಾಡು ಯಾರಿಗೂ ಕೇಳಿಸಲಿಲ್ಲ — ಕೇಳಿಸದ ಹಾಗೆ ನಾನೇ ಮಾಡಿದ್ದೆ. ಕೇಳಿ ಅಳು ಬಂತು ಎಂದು ಬರೆದರೆ ನನಗೆ ಮರ್ಯಾದೆ. ಮೊದಲು ಬಂದದ್ದು ಹೊಟ್ಟೆಕಿಚ್ಚು. ಅಳು ಬಂದದ್ದು ಆಮೇಲೆ. ಅಳಿಸುವ ಬಟನ್ನಿನ ಮೇಲೆ ಬೆರಳು ಸ್ವಲ್ಪ ಹೊತ್ತು ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಗಂಗಕ್ಕ ಹಿತ್ತಿಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಹೆಡ್‌ಫೋನನ್ನು ಅವಳ ತಲೆಗೆ ಸಿಕ್ಕಿಸಿದೆ. ಮೊದಲು "ಜಡೆ ಕಣೇ, ಜಡೆ ಸಿಕ್ಕಾಕ್ಕೊಳ್ತದೆ" ಎಂದು ಬೈದಳು. ಆಮೇಲೆ ಬೆರಳು ತಾನಾಗಿ ಮೊರದ ಅಂಚಿಗೆ ಹೋಯಿತು. ಮೂರನೇ ಹಾಡಿನ ಹತ್ತಿರ ಬಂದಾಗ ತಲೆ ಎತ್ತಿ, ಕಿವಿ ಮುಚ್ಚಿದವರು ಮಾತಾಡುವ ಹಾಗೆ ಜೋರಾಗಿ ಕೇಳಿದಳು: "ಯಾರೇ ಇವ್ಳು? ಕೈ ಚೆನ್ನಾಗೈತೆ. ಇವ್ಳನ್ನ ಜೊತೆಗಿಟ್ಕೊ, ಬಿಡ್ಬೇಡ."

ತನ್ನ ಕೈ ತನಗೇ ಗುರುತು ಸಿಗದ ಹಾಗೆ ಮಾಡಿದ್ದೆ ನಾನು.

"ನೀನೇ ಅಕ್ಕ" ಎಂದೆ. ಎಲ್ಲ ಹೇಳಿದೆ — ಗೂಳೂರಿನ ನಂಬರು, ಕುಣಿಗಲ್ಲಿಗೆ ಬಂದಿದ್ದ ಸ್ಟುಡಿಯೋದವರು, ಫೇಡರು, ತಾಳ ಬಿಟ್ಟೆ ಎಂದ ಸುಳ್ಳು. ಅವಳು ಸುಲಿಯುವುದು ನಿಲ್ಲಿಸಲಿಲ್ಲ. ಉಳಿದಿದ್ದ ಅಷ್ಟೂ ಕಾಯಿ ಸುಲಿದು ಮುಗಿಸಿ, ಸಿಪ್ಪೆ ಒಂದು ಕಡೆ ಮಾಡಿ, "ಮೂರ್ ವರ್ಷ ನನ್ ಕೈನೇ ಬೈಕೊಂಡಿದ್ನಲ್ಲೇ" ಎಂದಳು. ನಾನು ಕಾಲು ಹಿಡಿಯಲು ಬಗ್ಗಿದೆ. "ಎದ್ದೇಳು, ಅವರೆಕಾಳು ತುಳೀತೀಯ" ಎಂದಳು. ಆಮೇಲೆ, "ಆ ಸ್ಟುಡಿಯೋದವ್ರು ನನ್ ಬಗ್ಗೆ ಏನೂ ಕೇಳ್ಲಿಲ್ವ?"

ಅದನ್ನೂ ಹೇಳಿದೆ. ಸುಮ್ನೆ ಶೋಗೆ.

ಗಂಗಕ್ಕ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಅದು ಕ್ಷಮಿಸಿದವರ ನಗು ಅಲ್ಲ. "ಶೋಗೆ ನಿಲ್ಸೋ ಮುಖನಾ ಇದು? ಹೇಳೋಳು ಒಂದು ನಂಬೋ ಹಂಗಾದ್ರೂ ಹೇಳ್ಬಾರ್ದಾ?" ಎಂದು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, "ಫೋನ್ ಮಾಡು. ಈಗ್ಲೇ. ನನ್ ಮುಂದೇನೇ. ಸ್ಪೀಕರ್‌ಗೆ ಹಾಕು" ಎಂದಳು.

ಮಾಡಿದೆ. "ಸರ್, ಕುಣಿಗಲ್‌ನಲ್ಲಿ ನನ್ ಪಕ್ಕ ನಿಂತಿದ್ದೋರು ಶೋಗೆ ನಿಂತಿರ್ಲಿಲ್ಲ. ಬಾರಿಸ್ತಿದ್ರು. ನಿಮ್ಗೆ ಕೇಳ್ಸದಂಗೆ ನಾನೇ ಫೇಡರ್ ಇಳಿಸಿದ್ದೆ. ನಿಮ್ಗೆ ಸುಳ್ಳು ಹೇಳಿದ್ದೂ ನಾನೇ." "ಅವ್ರು ಬಾರಿಸಿದ್ದು ಇದ್ರೆ ಕಳ್ಸಿ" ಎಂದಷ್ಟೇ ಅವರು ಹೇಳಿದರು. ಅವರ ಕಣ್ಣಲ್ಲಿ ನಾನು ಏನಾದೆನೋ ಆದೆ. ಮೂರನೇ ಚಾನೆಲ್ಲನ್ನು ಕಳಿಸಿದೆ. ಗಂಗಕ್ಕ ಪಕ್ಕದಲ್ಲೇ ಕಾದು ಕೂತಳು. ಅರ್ಧ ಗಂಟೆಗೆ ಅವರೇ ಫೋನ್ ಮಾಡಿ, "ಅವ್ರನ್ನ ಸ್ಟುಡಿಯೋಗೆ ಕರ್ಕೊಂಡ್ ಬರ್ತೀರಾ?" ಎಂದು ಕೇಳಿದರು.

ಅವಳ ಪರವಾಗಿ ನಾನು ಉತ್ತರ ಹೇಳುವುದು ಅಲ್ಲಿಗೆ ಮುಗಿಯಬೇಕಿತ್ತು. ಫೋನನ್ನು ಅವಳ ಕೈಗೆ ಕೊಟ್ಟೆ.

"ಬರ್ತೀನಿ ಸರ್" ಎಂದಳು ಗಂಗಕ್ಕ. "ಒಂದೇ ಒಂದು ಮಾತು ಕೇಳ್ಬೇಕಿತ್ತು. ಅಲ್ಲಿ ಮಿಕ್ಸರ್ ಮುಂದೆ ಯಾರು ಕೂತಿರ್ತಾರೆ?"

"ನಾನೇ ಕೂತಿರ್ತೀನಿ" ಎಂದು ಸ್ಟುಡಿಯೋದವರು ಹೇಳುವವರೆಗೂ ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ನಾನೂ ಬೇರೆ ಕಡೆ ನೋಡಲಿಲ್ಲ.