ಹೊಸ ಕ್ಲಬ್ಬಿನ ಅಂಗಿ

ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುವ ಅಕ್ಕನಿಗೆ ಆ ಬೇಸಿಗೆಯಲ್ಲಿ ಪತ್ರಿಕೆ ಕಂಡರೆ ಮೈ ಉರಿಯುತ್ತಿತ್ತು. ಒಂಬತ್ತನೇ ನಂಬರಿನ ಹುಡುಗ ದೊಡ್ಡ ಕ್ಲಬ್ಬಿಗೆ ಹೋಗುತ್ತಾನಂತೆ ಎಂದು ದಿನವೂ ಸುದ್ದಿ. ಮೈದಾನದ ಮಾಲಿ ಬಾಗಿಲಲ್ಲಿ ನಿಂತು ಛೇಡಿಸಿದ: "ಅಲ್ಲಿ ಅವನ ಒಂದು ವಾರದ ಸಂಬಳ ನಾವಿಬ್ರು ಜನ್ಮವಿಡೀ ದುಡಿದ್ರೂ ಹುಟ್ಟಲ್ವಂತೆ ಕಣಕ್ಕಾ!"

"ಬಾಯ್ಮುಚ್ಚು. ಅವನು ಎಲ್ಲೂ ಹೋಗಲ್ಲ."

ಮಧ್ಯಾಹ್ನ ಹುಡುಗನೇ ಬಂದು, ಬಾಗಿಲು ಹಾಕಿ, ಚೀಲದಿಂದ ಬೇರೆ ಬಣ್ಣದ ಅಂಗಿ ತೆಗೆದ. "ನಾಳೆವರೆಗೆ ಯಾರಿಗೂ ಹೇಳ್ಬೇಡ ಅಕ್ಕಾ. ಹಾಕಿ ನೋಡಿದೆ, ಕಾಲರ್ ಕತ್ತು ಕೆರೀತಿದೆ."

ಅವನ ಚರ್ಮವೇ ಅಂಥದ್ದು. ಚಿಕ್ಕಂದಿನಿಂದ ಅವನ ಪ್ರತಿ ಅಂಗಿಯ ಕಾಲರಿನೊಳಗೂ ಅವಳೇ ಮೆತ್ತನೆಯ ಹತ್ತಿಬಟ್ಟೆ ಹೊಲಿದು ಕೊಡುತ್ತಿದ್ದಳು. ಅಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ? ಕತ್ತಿನ ಮೇಲೆ ದದ್ದು ಎದ್ದರೆ?

ಸೂಜಿಗೆ ದಾರ ಪೋಣಿಸಿ, ಹತ್ತಿಬಟ್ಟೆಯ ತುಂಡಿನ ಜೊತೆ ಅವನ ಕೈಗೇ ಕೊಟ್ಟಳು. "ಕೂತ್ಕೋ. ಇವತ್ತು ನೀನೇ ಹೊಲಿ."

"ನಾನಾ? ಅಲ್ಲಿ ಇದಕ್ಕೆಲ್ಲ ಜನ ಇರ್ತಾರಕ್ಕಾ."

"ಇರ್ಲಿ. ಕೇಳೋಕೆ ನಿನಗೆ ನಾಚಿಕೆ. ನನ್ನ ಹತ್ರ ಬಾಯಿಬಿಡೋಕೇ ಒಂದು ವರ್ಷ ಹಿಡೀತು."

ಅವನು ನಾಲಿಗೆ ಕಚ್ಚಿಕೊಂಡು ಹೊಲಿದ. ಹೊಲಿಗೆ ನೆಟ್ಟಗೇ ಬಂತು. ಆದರೂ ಅವಳು, "ಓರೆಯಾಯ್ತು, ಬಿಚ್ಚಿ ಇನ್ನೊಂದ್ಸಲ ಹಾಕು" ಎಂದು ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು.