ಅಪಶಕುನದ ತಯಾರಿ

ನಾನು ಎಲ್ಲದಕ್ಕೂ ಮೊದಲೇ ತಯಾರಾಗುವ ಜಾತಿ. ಊರಿಗೆ ಹೊರಡುವುದಿದ್ದರೆ ಹಿಂದಿನ ದಿನವೇ ನನ್ನ ಚೀಲ ಬಾಗಿಲ ಹತ್ತಿರ ಬಂದು ಕೂತಿರುತ್ತದೆ. ಇದನ್ನು ನೋಡಿ ಗಂಡ ನಗುತ್ತಾನೆ. ಅವ್ವನಿಗೆ ಮಾತ್ರ ನಗು ಬರುವುದಿಲ್ಲ. ಅವಳ ಪ್ರಕಾರ ಕೆಟ್ಟದ್ದಕ್ಕೆ ತಯಾರಾಗುವುದೆಂದರೆ ಅದನ್ನು ಮನೆಗೆ ಊಟಕ್ಕೆ ಕರೆದಂತೆ. ಸೂಡಿಯ ನನ್ನ ತವರಿನಲ್ಲಿ ಕೂಸು ಹುಟ್ಟಿ ಅಳುವವರೆಗೆ ತೊಟ್ಟಿಲನ್ನು ಅಟ್ಟದಿಂದ ಇಳಿಸುವುದಿಲ್ಲ, ತಲೆಗೆ ಹಾಕುವ ಕುಂಚಿಗೆ ಹೊಲಿಯುವುದಿಲ್ಲ. ಇಂಥ ತಾಯಿ ಮಗಳ ನಡುವೆ ನನ್ನ ಎರಡನೆಯ ಬಸಿರು ಬಂದು ಕೂತಿತು.

ಮೊದಲನೆಯದು ಹೇಗಾಗಿತ್ತು ಎಂದು ಹೇಳಿಬಿಡುತ್ತೇನೆ. ಸೂಡಿಗೆ ಹತ್ತಿರದ ಒಂದು ಚಿಕ್ಕ ದವಾಖಾನೆಯಲ್ಲಿ ಹೆರಿಗೆ ಸಲೀಸಾಗಿಯೇ ಆಯಿತು. ಮಗಳು ಅತ್ತಳು, ಅವ್ವ ಸಕ್ಕರೆ ಹಂಚಲು ಹೊರಟಳು. ಆಮೇಲೆ ರಕ್ತ ಹೋಗತೊಡಗಿತು, ನಿಲ್ಲಲೇ ಇಲ್ಲ. ಅಲ್ಲಿಯವರು ಮಾಡುವುದನ್ನೆಲ್ಲ ಮಾಡಿ, ತಡಮಾಡದೆ ಆಂಬುಲೆನ್ಸ್ ಹತ್ತಿಸಿ ಗದಗಿಗೆ ಕಳಿಸಿದರು. ದಾರಿಯಲ್ಲಿ ನನಗೆ ಹಲ್ಲು ಕಟಕಟಿಸುವಷ್ಟು ಚಳಿ. ಅವ್ವ ಕೆನ್ನೆ ತಟ್ಟುತ್ತ, "ಕಣ್ಣ ಮುಚ್ಚಬ್ಯಾಡ, ನನ್ನ ಕಡೆ ನೋಡು" ಎನ್ನುತ್ತಿದ್ದಳು. ಯಾರೋ ಗುರುತಿಲ್ಲದವರ ರಕ್ತ ಮೈಗೆ ಹರಿದು ನಾನು ಉಳಿದೆ. ಅಂದಿನಿಂದ ಅವ್ವ ರಕ್ತ ಎನ್ನುವ ಶಬ್ದವನ್ನೇ ಬಿಟ್ಟಳು. ಹೆಚ್ಚುವಾಗ ಬೆರಳು ಕೊಯ್ದುಕೊಂಡರೂ "ಕೆಂಪ ಬಂತು" ಎನ್ನುತ್ತಾಳೆ.

ಮಗಳು ಸಾಲಿಗೆ ಹೋಗುವಷ್ಟು ದೊಡ್ಡವಳಾದಾಗ ಮತ್ತೆ ದಿನ ನಿಂತವು. ನನ್ನ ಆಸೆ ಒಂದೇ ಇತ್ತು. ಈ ಸಲವೂ ನಾನೇ ಹೆರಬೇಕು, ಹೊಟ್ಟೆ ಕೊಯ್ಯಿಸಿಕೊಳ್ಳಬಾರದು, ಮತ್ತು ಮರುದಿನ ಎದ್ದು ಕೂತು ದೊಡ್ಡವಳ ಜಡೆ ಹೆಣೆಯಬೇಕು. ಹೋದ ಸಲ ಇಡೀ ತಿಂಗಳು ನನ್ನ ಕೂಸನ್ನು ನಾನೇ ಎತ್ತಿಕೊಳ್ಳುವ ಶಕ್ತಿ ನನಗಿರಲಿಲ್ಲ. ಆ ದುಃಖ ಇನ್ನೂ ಹಾಗೇ ಇದೆ.

ಗದಗಿನ ಡಾಕ್ಟರಮ್ಮ ಹಳೆಯ ಕಾಗದಗಳನ್ನೆಲ್ಲ ನೋಡಿ ಹೇಳಿದರು, "ನಾರ್ಮಲ್ ಆಗಬಹುದು. ಆದ್ರ ಊರಾಗ ಬ್ಯಾಡ, ಇಲ್ಲೇ ಆಗಬೇಕು. ನಿಮ್ಮ ಗುಂಪಿನ ರಕ್ತ ಮೊದಲ ತೆಗೆದಿಟ್ಟಿರಬೇಕು, ಕೊಡೋರು ಇಬ್ಬರು ತಯಾರ ಇರಬೇಕು. ಕೂಸು ಹೊರಗ ಬಂದ ಕೂಡಲೇ ನಾವು ಇಂಜೆಕ್ಷನ್ ಕೊಡತೇವಿ. ಅದಕ್ಕಿಂತ ಮೊದಲ ನಿಮ್ಮ ಮೈಯಾಗ ನೀವ ರಕ್ತ ಮಾಡ್ಕೋರಿ."

ನನಗೆ ಹಬ್ಬವಾಯಿತು. ತಯಾರಿ ಮಾಡು ಎಂದು ಡಾಕ್ಟರೇ ಹೇಳಿದ್ದಾರೆ! ನರಗುಂದದ ನಮ್ಮ ಮನೆಯಲ್ಲಿ ಅಂದಿನಿಂದ ದಿನವೂ ರಾಜಗಿರಿ, ನುಗ್ಗೆಸೊಪ್ಪು, ಶೇಂಗಾ, ಬೆಲ್ಲ. ರಕ್ತದ ಗುಳಿಗೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ನುಂಗುತ್ತಿದ್ದೆ. ಅತ್ತೆ ಸೊಪ್ಪಿನ ತಪ್ಪಲು ಸೋಸುತ್ತ, "ಮನ್ಯಾಗ ಆಡು ಸಾಕಬೇಕಂತಿದ್ದೆ, ಇನ್ನ ಬ್ಯಾಡ ಬಿಡು" ಎಂದು ಕಾಡುತ್ತಿದ್ದರು.

ಅವ್ವ ಫೋನಿನಲ್ಲಿ ಒಂದೇ ಹಾಡು ಹಾಡುತ್ತಿದ್ದಳು. "ಆಪರೇಶನ್ ಮಾಡಿಸ್ಕೊಂಬಿಡು. ಕೊಯ್ದು ತೆಗದ್ರ ಆತು, ಚಿಂತಿಲ್ಲ." ಆಪರೇಶನ್‌ನಲ್ಲೂ ರಕ್ತ ಹೋಗುತ್ತದವ್ವ, ಡಾಕ್ಟರು ಎರಡನ್ನೂ ತೂಗಿ ನೋಡಿಯೇ ಹೇಳಿದ್ದಾರೆ ಎಂದರೆ, "ಆ ಮಾತ ಎತ್ತಬ್ಯಾಡ ಅಂದೇನಿಲ್ಲ" ಎಂದು ಫೋನ್ ಇಡುತ್ತಿದ್ದಳು.

ಎರಡನೆಯ ಬಸಿರಿಗೆ ಸೀಮಂತದ ಕುಬಸ ಮಾಡುವ ರೂಢಿ ನಮ್ಮಲ್ಲಿ ಅಷ್ಟಿಲ್ಲ. ಆದರೆ ಅವ್ವ ಹಟ ಹಿಡಿದಳು, ಹೋದ ಸಲದ ಪೀಡೆಯೆಲ್ಲ ಹೋಗಲಿ ಎಂದು. ಏಳನೆಯ ತಿಂಗಳಲ್ಲಿ ಸೂಡಿಯ ಮನೆ ತುಂಬ ಮಂದಿ. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಹಸಿರು ಸೀರೆ, ಬಳೆಗಾರ. ಇಷ್ಟು ಜನ ಮತ್ತೆ ಒಂದೇ ಕಡೆ ಎಲ್ಲಿ ಸಿಗಬೇಕು? ಮಣೆಯ ಮೇಲೆ ಕೂತಲ್ಲಿಂದಲೇ ಉಡಿ ತುಂಬಲು ಬಂದವರನ್ನೆಲ್ಲ ಕೇಳತೊಡಗಿದೆ: "ಕಾಕಿ, ನಿಮ್ಮ ರಕ್ತದ ಗುಂಪು ಯಾವುದರಿ?" ಕಾಕಿ ಅಕ್ಕಿ ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಒಬ್ಬರಿಗೂ ಗೊತ್ತಿರಲಿಲ್ಲ. ಅಣ್ಣನದು ನನ್ನದೇ ಗುಂಪೆಂದು ಮೊದಲೇ ತಿಳಿದಿತ್ತು. ಇನ್ನೊಬ್ಬರು ಬೇಕಿತ್ತು. ಆಗ ನನ್ನ ಕೈ ಹಿಡಿದು ಹಸಿರು ಬಳೆ ಏರಿಸುತ್ತಿದ್ದ ಬಳೆಗಾರ ತಲೆ ಎತ್ತದೆ, "ನಂದೂ ಅದ ಗುಂಪ ಐತಿ ತಂಗಿ. ನಾ ಬರತೇನಿ, ಕೈ ಸಡಿಲ ಬಿಡು" ಎಂದ. ಹೆಂಗಸರೆಲ್ಲ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಅವ್ವ ನಗಲಿಲ್ಲ. ಆರತಿ ತಟ್ಟೆ ಇಟ್ಟು ಅಡಿಗೆಮನೆಗೆ ಹೋದವಳು ಹೊರಗೆ ಬರಲೇ ಇಲ್ಲ. ಮಂದಿ ಉಂಡು ಹೋದ ಮೇಲೆ ನಾನೇ ಒಳಗೆ ಹೋದೆ. ಒಲೆಗೆ ಬೆನ್ನು ಮಾಡಿ ಕೂತಿದ್ದಳು. ಸಿಟ್ಟು ಬಂದಿದೆ ಎಂದುಕೊಂಡು ನಾನೂ ಸಿಟ್ಟಿನಿಂದಲೇ ಶುರು ಮಾಡಿದೆ.

"ನಾ ಬದುಕಬೇಕಂತ ಕೇಳಾಕತ್ತೇನವ್ವ. ಅದರಾಗ ಏನ್ ಅಪಶಕುನ?"

ಅವಳು ಮುಖ ತಿರುಗಿಸದೆ ಹೇಳಿದಳು. "ಹೋದ ಸಲ ದವಾಖಾನಿಗೆ ಹೋಗೂ ಮುಂದ ನಾ ಹಳೇ ಸೀರಿ ಹರದು ಅರಿವಿ ಮಾಡಿದ್ನಲ್ಲ, ಎಲ್ಲಾರು ಒಂದ ಸೀರಿ ಸಾಕಂದ್ರು. ಇರ್ಲಿ ಅಂತ ನಾನ ಹೆಚ್ಚಿಗಿ ಸೀರಿ ಹರದು ಒಯ್ದೆ. ಅಷ್ಟೂ ತೊಯ್ದು ಹೋದವು. ನಾ ಒಯ್ದಿದ್ದಕ್ಕ ಹಂಗಾತು."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವಳು ನನ್ನ ಮುಂದೆ ಓಡಾಡಿಕೊಂಡಿದ್ದಳು. ನನಗೆ ಅಳು ಬಂತು. ಹಸಿರು ಬಳೆಗಳ ಕೈಯಿಂದ ಅವಳ ಮುಖ ನನ್ನ ಕಡೆ ತಿರುಗಿಸಿ ಕೇಳಿದೆ, "ಯವ್ವಾ, ನೀ ಆ ಅರಿವಿ ಒಯ್ಯದಿದ್ರ ಆಂಬುಲೆನ್ಸಿನ್ಯಾಗ ನನಗ ಏನ್ ಸುತ್ತತಿದ್ದಿ?"

ಅವಳು ಉಳಿದ ಹೋಳಿಗೆಯೊಂದಕ್ಕೆ ತುಪ್ಪ ಸುರಿದು ನನ್ನ ಬಾಯಿಗೆ ಇಟ್ಟಳು.

ದಿನ ಹತ್ತಿರವಾದಾಗ ಗದಗಿನಲ್ಲಿ ದವಾಖಾನೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದೆವು. ಬಾಣಂತನ ತವರಿನದು ಎಂದು ಅವ್ವ ಸೂಡಿಯಿಂದ ಮಲಗುವ ಹೊರಸು, ರೊಟ್ಟಿಯ ಹಂಚು, ಜೋಳದ ಹಿಟ್ಟು, ಕೆಂಪು ಖಾರ ಎಲ್ಲವನ್ನೂ ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಬಂದಳು. ಡ್ರೈವರನ ಪಕ್ಕದಲ್ಲಿ ಹಂಚು ತೊಡೆಯ ಮೇಲಿಟ್ಟುಕೊಂಡು ಕೂತು ಬಂದವಳನ್ನು ನೋಡಿ ಗಂಡ, "ಅತ್ತಿ, ಮನಿ ಗ್ವಾಡಿ ಅಷ್ಟ ಬಿಟ್ಟು ಬಂದ್ರೇನು?" ಎಂದ. ಆದರೆ ಕೂಸಿನ ಸಾಮಾನು ಮಾತ್ರ ಒಂದೂ ಇರಲಿಲ್ಲ. ಅರಿವೆ ಎಲ್ಲಿ ಎಂದು ಕೇಳಿದ್ದಕ್ಕೆ ಒಂದೇ ಒಂದು ಹಳೆಯ ಸೀರೆ ತೋರಿಸಿದಳು, ಅದನ್ನೂ ಹರಿದಿರಲಿಲ್ಲ. ಈ ಸಲ ನಾನು ಜಗಳ ತೆಗೆಯಲಿಲ್ಲ.

ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಬೇನೆ ಶುರುವಾಯಿತು. ಆಗಷ್ಟೇ ಅವ್ವ ಆ ಒಂದು ಸೀರೆಯನ್ನು ಹರಿದು ತುಂಡು ಮಾಡಿಕೊಂಡಳು. ನಡೆದುಕೊಂಡೇ ದವಾಖಾನೆಗೆ ಹೋದೆವು. ನನ್ನ ಚೀಲ ಬಾಗಿಲಲ್ಲೇ ಇತ್ತಲ್ಲ. ಅಣ್ಣನಿಗೂ ಬಳೆಗಾರನಿಗೂ ಫೋನ್ ಹೋಯಿತು. ಒಳಗೆ ಕೈಗೆ ಸೂಜಿ ಹಾಕಿಟ್ಟರು, ರಕ್ತದ ಚೀಲಗಳು ಕೆಳಗೆ ರಕ್ತನಿಧಿಯಲ್ಲಿ ತಯಾರಿವೆ ಎಂದರು. ಬೇನೆ ಹೆಚ್ಚಾದಾಗ ಓಡಾಡಿದೆ, ಗೋಡೆ ಹಿಡಿದು ನಿಂತೆ, ಗಂಡನಿಗೆ ಕೇಳುವ ಹಾಗೆ ಬೈದೆ. ಮಧ್ಯಾಹ್ನದ ಹೊತ್ತಿಗೆ ಮಗ ಬಂದ. ಅವನ ಅಳುವಿನ ಜೊತೆಗೇ ಇಂಜೆಕ್ಷನ್ ಬಿತ್ತು. ಬೆಚ್ಚಗಿನ ಒದ್ದೆ ಕೂಸನ್ನು ಎದೆಯ ಮೇಲೆ ಹಾಕಿದರು.

ಆಮೇಲಿನ ಹೊತ್ತೇ ನನಗೆ ಭಯದ್ದು. ಮಾಸು ಬಿತ್ತು. ಡಾಕ್ಟರಮ್ಮ ಹೊಟ್ಟೆ ಅಮುಕಿ ನೋಡಿದರು, ಮತ್ತೆ ನೋಡಿದರು. ನಾನು ಚಳಿ ಬರುತ್ತದೇನೋ ಎಂದು ಕಾಯುತ್ತಿದ್ದೆ. ಚಳಿ ಬರಲಿಲ್ಲ, ಹಸಿವೆ ಬಂತು. "ಗರ್ಭಚೀಲ ಗಟ್ಟಿ ಆಗೇತಿ, ಎಷ್ಟ ಹೋಗಬೇಕೋ ಅಷ್ಟ ಹೋಗೇತಿ" ಎಂದರು ಡಾಕ್ಟರಮ್ಮ. ನಾನು ಕೂಸನ್ನು ನನ್ನ ಎರಡೂ ಕೈಯಿಂದ ಹಿಡಿದುಕೊಂಡು ನಗತೊಡಗಿದೆ. ನರ್ಸಮ್ಮ ಅವ್ವನ ಸೀರೆಯ ತುಂಡುಗಳಲ್ಲಿ ತೊಯ್ಯದೆ ಉಳಿದದ್ದೊಂದನ್ನು ತೆಗೆದು ಮಗನಿಗೆ ಸುತ್ತಿದರು.

ಕೆಲ ಹೊತ್ತು ಅಲ್ಲೇ ಇಟ್ಟುಕೊಂಡು ನೋಡಿ, ಆಮೇಲೆ ನನ್ನನ್ನು ವಾರ್ಡಿಗೆ ಕರೆದೊಯ್ಯಲು ಹೊರಗೆ ತಂದರು. ಬಾಗಿಲೆದುರಿನ ಬೆಂಚಿನ ಮೇಲೆ ಅಣ್ಣ, ಬಳೆಗಾರ, ಅವರ ನಡುವೆ ಅವ್ವ. ಇಳಕಲ್ ಸೀರೆಯ ಸೆರಗು ಹೊದ್ದುಕೊಂಡಿದ್ದಳು, ಆದರೆ ಬಲಗೈ ಹೊರಗಿತ್ತು. ರವಿಕೆಯ ತೋಳನ್ನು ಭುಜದವರೆಗೆ ಮಡಿಚಿ, ಆ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದಳು.

ಗಂಡ ಬಗ್ಗಿ ಪಿಸುಗುಟ್ಟಿದ. "ನೀ ಒಳಗ ಹೋದ ಕೂಡಲೇ ಕೆಳಗ ಹೋಗಿ ತಪಾಸ್ ಮಾಡಿಸ್ಯಾರ. ಗುಂಪ ಕೂಡಂಗಿಲ್ಲರಿ ಅಂದ್ರು ಅವರು. ನಾ ಹಡದಾಕಿ ಅದೇನಿ, ನನ್ನ ರಕ್ತ ಹ್ಯಾಂಗ ಕೂಡಂಗಿಲ್ಲ ಅಂತ ಜಗಳ ತಗದು ಬಂದು, ಆಗಿಂದ ಹಿಂಗ ಕುಂತಾರ."

ರಕ್ತ ಅಂದಳೇ, ಎಂದು ಕೇಳಿದೆ. ಅಂದ್ರು, ಎಂದ.

ನರ್ಸಮ್ಮ ಕೂಸನ್ನು ಕೊಡಲು ಹೋದರೆ ಅವ್ವ ಕೈ ಚಾಚಲಿಲ್ಲ. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಹಿಂದೆ ಬರುತ್ತಿದ್ದ ಡಾಕ್ಟರಮ್ಮನನ್ನು.

"ಇನ್ನ ತೋಳು ಇಳಸ್ಲೇನ್ರಿ?"

"ಇಳಸ್ರಿ, ಅವ್ವಾರ" ಎಂದರು ಡಾಕ್ಟರಮ್ಮ.

ಅವ್ವ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, ತೋಳನ್ನು ಮೊಣಕೈವರೆಗೆ ಎಳೆದು ಸರಿಮಾಡಿಕೊಂಡಳು. ಆಮೇಲೆ ಎರಡೂ ಕೈ ಚಾಚಿ ತನ್ನ ಹಳೆಯ ಸೀರೆಯಲ್ಲಿದ್ದ ಮೊಮ್ಮಗನನ್ನು ಎತ್ತಿಕೊಂಡಳು.